ದಿನಕ್ಕೊಂದು ಸುತ್ತು

ಹಿಮಾಲಯದ ಆಚೆಯಿಂದ ಚಳಿಗಾಲ ಕಳೆಯಲು ಬಯಲುಸೀಮೆಯ ಕೆರೆಯೊಂದಕ್ಕೆ ಬಂದಿದ್ದ ಹೆಬ್ಬಾತುಗಳಲ್ಲಿ ಶುಭ್ರಾಂಗಿ ಎಂಬುವಳಿದ್ದಳು. ಬಂದ ಹೊಸತರಲ್ಲೇ ಜಾಲಿಮುಳ್ಳಿಗೆ ಸಿಕ್ಕಿ ಅವಳ ರೆಕ್ಕೆಗೆ ಗಾಯವಾಗಿತ್ತು. ಗಾಯ ಮಾಯುವ ಹೊತ್ತಿಗೆ ರೆಕ್ಕೆಯ ಕಸುವೇ ಇಳಿದುಹೋಗಿತ್ತು. ಹಿಂಡು ಮರಳಿ ಹೊರಡಲು ಉಳಿದದ್ದು ಒಂದೂವರೆ ತಿಂಗಳು. ಹಾರಲಾರದವರು ಬೇಸಿಗೆಗೆ ಬತ್ತುವ ಆ ಕೆರೆಯಲ್ಲೇ ಉಳಿಯಬೇಕು. ಗಾಬರಿಗೊಂಡ ಶುಭ್ರಾಂಗಿ ಬೆಳಗಿನಿಂದ ಸಂಜೆಯವರೆಗೆ ಎಡೆಬಿಡದೆ ಹಾರಿದಳು. ಮೂರನೆಯ ದಿನ ರೆಕ್ಕೆ ಎತ್ತಲೂ ಆಗದೆ ದಡದಲ್ಲಿ ಕುಸಿದು ಕೂತಳು.

ಅಲ್ಲಿ ಮೇಯುತ್ತಿದ್ದ ಮುದಿ ಎಮ್ಮೆ ಕೇಳಿತು, "ಯಾಕಮ್ಮಾ, ಇವತ್ತು ಹಾರಲಿಲ್ಲವೇ?"

"ಹಾರುವ ಆಸೆಯೇ ಸತ್ತುಹೋಯಿತು, ಅಜ್ಜಿ."

"ಹಾಗಾದರೆ ಎರಡು ದಿನ ಸುಮ್ಮನಿರು. ಆಮೇಲೆ, ನಾಳೆಯೂ ಹಾರಬೇಕು ಅನ್ನಿಸುವಷ್ಟು ಮಾತ್ರ ಇಂದು ಹಾರು."

ಶುಭ್ರಾಂಗಿ ಹಾಗೆಯೇ ಮಾಡಿದಳು. ಕೆರೆಗೆ ಒಂದೇ ಒಂದು ಸುತ್ತು ಹಾಕಿ, ಹೊಟ್ಟೆ ತುಂಬ ಮೇದು, ಎಳೆಬಿಸಿಲಿಗೆ ಗರಿ ಒಣಗಿಸಿಕೊಂಡು ಕಣ್ಣು ಮುಚ್ಚಿದಳು. ಗೆಳತಿಯರು ನಕ್ಕರು. ವಾರ ಕಳೆದಾಗ ಸುತ್ತು ಎರಡಾಯಿತು, ಬರಬರುತ್ತ ಎಂಟಾಯಿತು. ಒಂದು ದಿನ ಬಿರುಗಾಳಿಯಿಂದ ಹಾರಲಾಗಲಿಲ್ಲ. ಮರುದಿನ ಅದಕ್ಕಾಗಿ ದುಪ್ಪಟ್ಟು ಹಾರಲೂ ಇಲ್ಲ.

ಹಿಂಡು ಹೊರಟ ದಿನ ಅವಳು ಎಲ್ಲರಿಗಿಂತ ಮುಂದಿರಲಿಲ್ಲ, ಹಿಂದೆಯೂ ಬೀಳಲಿಲ್ಲ. ಸಂಜೆ ದೂರದ ಹೊಳೆಯೊಂದರ ದಂಡೆಗೆ ಇಳಿದಾಗ ಹಿಂಡಿನ ಹಿರಿಯ ಕೇಳಿದ, "ದಣಿವಾಯಿತೇ ಮಗಳೇ?"

"ಆಗಿದೆ. ಅದಕ್ಕಿಂತ ಹೆಚ್ಚು ಹಸಿವಾಗಿದೆ," ಎಂದು ಶುಭ್ರಾಂಗಿ ಹಸಿರು ಹುಲ್ಲಿನತ್ತ ನಡೆದಳು.