ನಾಯಿಗಳ ಪಾಲಿನ ಮೊದಲ ತುತ್ತು

ತುಂಗಭದ್ರೆಯು ಕಲ್ಲುಹಾಸುಗಳ ನಡುವೆ ಕವಲೊಡೆದು ಹರಿಯುವ ಎಡೆಯಲ್ಲಿ ಹೊಳೆಮುತ್ತಿಗಿ ಎಂಬ ಸಣ್ಣ ಪೇಟೆ. ಪೇಟೆಯ ಹೊರಗೆ, ಮಾಂಸದಂಗಡಿಗಳ ಸಾಲು ಮುಗಿದು ಜಾಲಿಯ ಬಯಲು ಮೊದಲಾಗುವಲ್ಲಿ, ತಲೆ ಬಾಗದೆ ಒಳಹೊಗಲಾಗದಷ್ಟು ಕಿರಿದಾದ ಒಂದು ಮೈಲಾರಲಿಂಗನ ಗುಡಿ. ಆ ಗುಡಿಯ ಮುಂದಿನ ತಗಡಿನ ಚಪ್ಪರವೇ ಪೂಜ್ಯ ಏಳುಕೋಟಜ್ಜನವರ ಮನೆಯೂ ಮಠವೂ ಆಗಿದ್ದಿತು. ಮೈಮೇಲೆ ಕರಿಯ ಕಂಬಳಿಯ ನಿಲುವಂಗಿ, ಕೊರಳಲ್ಲಿ ಕವಡೆಯ ಸರ, ಭಕ್ತರು ಭಂಡಾರವೆಂದು ಕಣ್ಣಿಗೊತ್ತಿಕೊಳ್ಳುವ ಅರಿಸಿನಪುಡಿಯ ಒಂದು ಚೀಲ, ಉಣ್ಣಲು ದೋಣಿಯೆಂಬ ಮರದ ಬೋಗುಣಿ. ಇದರ ಹೊರತು ಅಜ್ಜನವರಿಗೆ ತಮ್ಮದೆನ್ನುವುದು ಏನೂ ಇರಲಿಲ್ಲ.

ಅಜ್ಜನವರು ಗೊರವರು. ಮೈಲಾರನ ಒಕ್ಕಲಲ್ಲಿ ಗೊರವನೆಂದರೆ ದೇವರ ನಾಯಿ. ಭಾನುವಾರ ಮಧ್ಯಾಹ್ನ ಭಕ್ತರು ಹಾಲು, ತುಪ್ಪ, ಬಾಳೆಹಣ್ಣುಗಳಿಂದ ದೋಣಿಯನ್ನು ತುಂಬುವರು. ಗೊರವರು ಮೊಣಕಾಲೂರಿ, ಮೂರು ಸಲ ಬೊಗಳಿ, ಕೈ ಸೋಕಿಸದೆ ಬಾಯಿಂದಲೇ ಅದನ್ನು ಉಣ್ಣುವರು. ಒಡೆಯನ ಬಾಗಿಲಲ್ಲಿ ತಾನು ಯಾರೆಂಬುದನ್ನು ಮರೆಯದಿರಲೆಂದು ಹಿರಿಯರು ಮಾಡಿಟ್ಟ ಸೇವೆಯಿದು. ಅಜ್ಜನವರು ಎಂಬತ್ತರ ಹತ್ತಿರದ ವಯಸ್ಸಿನಲ್ಲಿಯೂ ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ.

ಇದನ್ನು ಕಂಡು ನಗುವವರೂ ಇದ್ದರು. ಅವರಲ್ಲಿ ಮೊದಲಿಗನು ಗರಡಿಯ ಹುಡುಗರ ಮುಂದಾಳಾದ ಹಾಲೇಶ. ಇಪ್ಪತ್ತೊಂದರ ಪ್ರಾಯ, ಮೂರು ತಾಲ್ಲೂಕುಗಳಲ್ಲಿ ಹೆಸರಾದ ಕುಸ್ತಿ, ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸದೆ ಬಿಡದ ತೋಳು. ಮನುಷ್ಯನಾಗಿ ಹುಟ್ಟಿದವನು ನಾಲ್ಕು ಕಾಲಿನ ಮೇಲೆ ನಿಲ್ಲುವುದೆಂದರೇನೆಂದು ಅವನಿಗೆ ನಾಚಿಕೆಯಾಗುತ್ತಿತ್ತು. ಅವನ ಗೆಳೆಯ ಫಕ್ಕೀರೇಶನಂತೂ ಬಾಯಿಗೆ ಬೀಗವಿಲ್ಲದವನು. "ಅಜ್ಜ ಬೊಗಳಿದ್ರ ಕಾಯಿ ಒಡೀತಾರ. ನಾನು ಮನ್ಯಾಗ ಒಂದ್ ಮಾತು ಜೋರಾಗಿ ಆಡಿದ್ರ, ನಾಯಿ ಹಂಗ ಬೊಗಳಬ್ಯಾಡ ಅಂತ ನಮ್ಮವ್ವ ಸೌಟು ತಗೋತಾಳ. ಎಲ್ಲಾ ಹಣೇಬರಹ ಕಣಲೇ!" ಎಂದು ಅವನು ಗರಡಿಯನ್ನೆಲ್ಲ ನಗಿಸುತ್ತಿದ್ದನು.

ಆ ವರ್ಷ ಶ್ರಾವಣ ಕಳೆದ ಮೇಲೆ ಹಾಲೇಶನ ನಗು ನಿಂತಿತು. ಅವನ ಒಂಬತ್ತು ವರ್ಷದ ತಂಗಿ ನೀಲವ್ವ ಶಾಲೆಯಿಂದ ಮರಳುವಾಗ ಮಾಂಸದಂಗಡಿಗಳ ಹಿಂದೆ ಒಂದು ನಾಯಿ ಅವಳ ಮೀನಖಂಡವನ್ನು ಹಿಡಿದು ಹರಿಯಿತು. ಹಿಂದಿನ ವರ್ಷವಷ್ಟೇ ಪಕ್ಕದ ಹಳ್ಳಿಯ ಕೂಸೊಂದು ಹುಚ್ಚುನಾಯಿಯ ಕಡಿತದಿಂದ, ನೀರು ಕಂಡರೆ ಚೀರುತ್ತ ಚೀರುತ್ತ ಪ್ರಾಣ ಬಿಟ್ಟಿದ್ದಿತು. ಹಾಲೇಶ ತಂಗಿಯನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದನು. ಆ ಕಾಲದಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಹದಿನಾಲ್ಕು ದಿನವೂ ಅವಳ ಎರಡು ಕೈಗಳನ್ನು ಹಿಡಿದು ಅದುಮುವ ಕೆಲಸ ಅವನದಾಯಿತು.

ಹುಡುಗಿ ಬದುಕಿಕೊಂಡಳು. ಆದರೆ ಮನೆಯ ಹೊಸ್ತಿಲನ್ನು ದಾಟುವುದನ್ನು ಬಿಟ್ಟಳು. ಪ್ರತಿದಿನ ಶಾಲೆಯ ಗಂಟೆಯಾಗುತ್ತಲೇ ಪಾಟೀಚೀಲವನ್ನು ಎದೆಗವುಚಿಕೊಂಡು, "ಅಣ್ಣಾ, ಹೊರಗ ನಾಯಿ ಅದಾವೇನು?" ಎಂದು ಕೇಳುವಳು, ಅವನು ಉತ್ತರಿಸುವ ಮೊದಲೇ ಚೀಲವನ್ನು ಮೊಳೆಗೆ ತೂಗುಹಾಕುವಳು. ಹೀಗೆ ತಿಂಗಳು ಕಳೆಯಿತು. ಒಂದು ಬೆಳಗ್ಗೆ ಹಾಲೇಶ ತಡೆಯಲಾರದೆ, "ಸೋಮವಾರದಿಂದ ಒಂದೂ ಇರಂಗಿಲ್ಲವ್ವಾ. ಆವತ್ತು ನೀ ಸಾಲಿಗೆ ಹೋಗಬೇಕು" ಎಂದು ಮಾತು ಕೊಟ್ಟನು.

ಬೀದಿನಾಯಿಗಳನ್ನು ಕೊಲ್ಲುವ ಕೆಲಸವನ್ನು ಪೇಟೆಯ ಹಿರಿಯರು ಕೆಲವರು ಗರಡಿಯ ಹುಡುಗರಿಗೆ ಮೊದಲೇ ಒಪ್ಪಿಸಿದ್ದರು. ನಲವತ್ತು ನಾಯಿಗಳನ್ನು ಓಣಿಓಣಿಯಲ್ಲಿ ಅಟ್ಟಿ ಹೊಡೆಯುವುದು ಆಗದ ಮಾತು. ಆದರೆ ಭಾನುವಾರ ದೋಣಿಸೇವೆ ಮುಗಿದ ಮೇಲೆ ಮಿಕ್ಕ ಪ್ರಸಾದಕ್ಕಾಗಿ ಅವೆಲ್ಲವೂ ಮೈಲಾರನ ಗುಡಿಯ ಮುಂದೆ ಸೇರುತ್ತವೆಂಬುದು ಎಲ್ಲರಿಗೂ ಗೊತ್ತು. ಹಾಲೇಶನ ಯೋಚನೆ ಸರಳವಾಗಿತ್ತು: ಹರಕೆಯ ಹೋಳಿಗೆಯೆಂದು ಒಂದು ಬುಟ್ಟಿ ಒಯ್ಯುವುದು, ಭಕ್ತರೆಲ್ಲರೂ ಉಂಡು ಹೋದ ಮೇಲೆ, ನಾಯಿಗಳಿಗೆಂದು ಹೇಳಿ ಇಟ್ಟು ಬರುವುದು. ಹೂರಣದಲ್ಲಿ ಪಾಷಾಣ.

ಯೋಚನೆಯಲ್ಲಿ ತಪ್ಪೊಂದು ಉಳಿದಿದ್ದಿತು. ದೋಣಿಸೇವೆಯನ್ನು ನೋಡಿ ನಕ್ಕವರಾಗಲಿ ಕೈಮುಗಿದವರಾಗಲಿ, ಸೇವೆ ಮುಗಿದ ಮೇಲೆ ಅಲ್ಲಿ ನಿಂತು ನೋಡಿದವರೇ ಇರಲಿಲ್ಲ.

ಆ ಭಾನುವಾರ ಹಾಲೇಶ ಫಕ್ಕೀರೇಶನನ್ನು ಜಾಲಿಯ ಮರದಡಿ ನಿಲ್ಲಿಸಿ, ಜನರೆಲ್ಲ ಚದುರಿದ ಬಳಿಕ ಬುಟ್ಟಿಯೊಡನೆ ಚಪ್ಪರವನ್ನು ಹೊಕ್ಕನು. ನಾಯಿಗಳು ಆಗಲೇ ಬಂದಿದ್ದವು. ಅವನು ಎಣಿಸಿದ್ದಂತೆ ಕಚ್ಚಾಡುತ್ತಿರಲಿಲ್ಲ. ಚಪ್ಪರದ ನೆರಳಿನಂಚಿನಲ್ಲಿ, ಕುಂಟನೂ ಕಜ್ಜಿಯದೂ ಬಸುರಿಯೂ, ಪಂಕ್ತಿಗೆ ಕುಳಿತವರ ಹಾಗೆ ಸಾಲಾಗಿ ಕುಳಿತು ಅಜ್ಜನವರ ಮುಖವನ್ನೇ ನೋಡುತ್ತಿದ್ದವು.

"ಏನಪ್ಪಾ ಪೈಲ್ವಾನಾ, ದಾರಿ ತಪ್ಪಿ ಬಂದಿ?" ಎಂದರು ಅಜ್ಜನವರು.

"ಹರಕೆ ಇತ್ರಿ ಅಜ್ಜಾ. ತಂಗಿ ಉಳದ್ಲಲ್ರೀ, ಅದಕ್ಕ."

"ಯಾರ ಪಾಲು?"

"ನಾಯಿಗಳದ್ರಿ," ಎಂದನು ಹಾಲೇಶ. ಆ ಮಾತು ಸುಳ್ಳಾಗಿರಲಿಲ್ಲ.

ಅಜ್ಜನವರು ಎರಡೂ ಕೈಯಿಂದ ಬುಟ್ಟಿಯನ್ನು ತೆಗೆದುಕೊಂಡು ಹಣೆಗೆ ಮುಟ್ಟಿಸಿ, ಹೋಳಿಗೆಗಳನ್ನು ತಮ್ಮ ದೋಣಿಗೆ ಸುರಿದರು. ದೋಣಿಯನ್ನು ನಾಯಿಗಳ ಸಾಲಿನ ನಡುವೆ ಇಟ್ಟರು. ಬಳಿಕ ನಡುಗುವ ಮೊಣಕಾಲುಗಳನ್ನು ಒಂದೊಂದಾಗಿ ನೆಲಕ್ಕೂರಿ, ಆ ಸಾಲಿನಲ್ಲಿ ತಾವೂ ಒಬ್ಬರಾಗಿ ಬಾಗಿದರು.

"ಅಜ್ಜಾ, ಅದು... ನಿಮಗಲ್ರೀ. ನಾಯಿಗೆ ಅಂದೆನಲ್ರೀ!"

ಅಜ್ಜನವರು ಮುಖವೆತ್ತಿ ನೋಡಿದರು. ಆ ನೋಟದಲ್ಲಿ ಸಂಶಯವಿರಲಿಲ್ಲ. ಉಣ್ಣಲು ಕುಳಿತವರನ್ನು ತಡೆದರೆ ಉಂಟಾಗುವ ಒಂದು ಅಚ್ಚರಿಯಷ್ಟೇ ಇದ್ದಿತು.

"ನಲವತ್ತು ವರ್ಷ ಆತು, ಇವರ ಪಾಲಿನ ಮೊದಲ ತುತ್ತು ನಂದs. ಈ ಊರಾಗ ಮೊದಲನೇ ನಾಯಿ ನಾನಪ್ಪಾ."

ಎಂದು ಹೇಳಿ ಮೂರು ಸಲ ಬೊಗಳಿ ದೋಣಿಗೆ ಬಾಯಿಟ್ಟರು. ಅವರ ತುಟಿ ಹೋಳಿಗೆಯನ್ನು ಮುಟ್ಟಿತೋ ಇಲ್ಲವೋ, ಹಾಲೇಶ ಹಾರಿ ದೋಣಿಯನ್ನು ಒದ್ದನು. ಹೋಳಿಗೆಗಳು ಚಪ್ಪರದ ತುಂಬ ಚೆಲ್ಲಿದವು. ನಲವತ್ತು ನಾಯಿಗಳೂ ಒಮ್ಮೆಲೇ ಎದ್ದವು. ಆಗ ಮೂರು ತಾಲ್ಲೂಕುಗಳ ಆ ಜಟ್ಟಿಯು ನೆಲಕ್ಕೆ ಬಿದ್ದು, ಅಂಗೈ ಮೊಣಕಾಲುಗಳ ಮೇಲೆ ತೆವಳುತ್ತ, ಎದೆಯಿಂದ ಹೋಳಿಗೆಗಳನ್ನು ಮುಚ್ಚುತ್ತ, ನಾಯಿಗಳ ಮೂತಿಗಳನ್ನು ತಳ್ಳುತ್ತ, "ತಿನಬ್ಯಾಡ್ರೋ! ತಿನಬ್ಯಾಡ್ರೋ!" ಎಂದು ಕೂಗುತ್ತಿದ್ದನು. ಅಜ್ಜನವರು ಒಂದು ಕೈಯೆತ್ತಿದರು. ನಾಯಿಗಳು ನಿಂತಲ್ಲೇ ನಿಂತವು.

ಹಾಲೇಶ ಕೊನೆಯ ಚೂರನ್ನೂ ಆಯ್ದು ತನ್ನ ಶಲ್ಯದಲ್ಲಿ ಕಟ್ಟಿಕೊಂಡು, ಇದ್ದುದೆಲ್ಲವನ್ನೂ ಹೇಳಿದನು. ಅಜ್ಜನವರು ಶಪಿಸಲಿಲ್ಲ, ಕ್ಷಮಿಸಿದೆನೆಂದೂ ನುಡಿಯಲಿಲ್ಲ. ಬಾಯಿ ತೊಳೆದುಕೊಂಡು, ಒಳಗಿನಿಂದ ಸಲಿಕೆಯನ್ನು ತಂದು ಅವನ ಕೈಗಿತ್ತರು. ಗುಡಿಯ ಹಿಂದೆ ಸೊಂಟದಾಳದ ಗುಂಡಿ ತೋಡುವವರೆಗೂ ಬಿಸಿಲಲ್ಲಿ ಅವನ ಪಕ್ಕದಲ್ಲಿಯೇ ನಿಂತಿದ್ದರು. ಮಣ್ಣು ಮುಚ್ಚಿದ ಮೇಲೆ ಹಾಲೇಶನ ಒಳಗಿದ್ದುದು ಉಕ್ಕಿ ಬಂದಿತು.

"ತಪ್ಪು ನಂದs ಅಜ್ಜಾ. ಆದ್ರ ನನ್ನ ತಂಗಿ ಮಾಡಿದ ತಪ್ಪೇನ್ರಿ? ಅಕಿ ಹೊರಗ ಬರವಲ್ಲಳು. ನಾ ಅಕಿಗೆ ಏನಂತ ಹೇಳ್ಲಿ?"

"ಕಚ್ಚಿದ್ದು ಯಾವುದು?"

"ಯಾರಿಗೊತ್ರಿ."

"ಗೊತ್ತು ಮಾಡ್ಕೋ."

"ಗೊತ್ತಾದ ಮ್ಯಾಲೆ?"

"ಆಗ ನೀನs ನನಗ ಬಂದು ಹೇಳು, ಏನ್ ಮಾಡಬೇಕಂತ."

ಅಜ್ಜನವರು ಉಪದೇಶಿಸಿದುದು ಇಷ್ಟೇ. ಹಾಲೇಶ ಆ ಸಂಜೆಯೇ ಗರಡಿಯ ಹನ್ನೊಂದು ಹುಡುಗರನ್ನು ಕೂಡಿಸಿ ಓಣಿಗಳನ್ನು ಹಂಚಿದನು. "ಕುಸ್ತಿ ಬಿಟ್ಟು ನಾಯಿ ಎಣಸೂಣೇನು? ಮದುವೀಗೆ ಹೆಣ್ಣು ಕೊಡೋರು ಕೇಳಿದ್ರ ಏನಂತ ಹೇಳ್ಲಿ?" ಎಂದು ಫಕ್ಕೀರೇಶ ಗೊಣಗಿದನು; ಗೊಣಗುತ್ತಲೇ ಠಾಣೆಯ ಓಣಿಯನ್ನು ತನ್ನದಾಗಿಸಿಕೊಂಡನು. ನಾಯಿಯನ್ನು ಗುರುತಿಸಬೇಕಾದರೆ ಹೆಸರು ಬೇಕು. ಠಾಣೆಯ ಮೆಟ್ಟಿಲ ಮೇಲೆ ಮಲಗುವುದು ಫೌಜದಾರನಾಯಿತು. ಚಹಾದಂಗಡಿಯ ಮುಂದಿನ ಮುದಿ ಹೆಣ್ಣುನಾಯಿ ಶಾಂತವ್ವನಾದಳು. ಹೆಸರಿಟ್ಟ ಮೇಲೆ ಅದರ ಹಸಿವೂ ಗಾಯವೂ ಕಣ್ಣಿಗೆ ಬೀಳತೊಡಗಿದವು. ಬಾವಿಕಟ್ಟೆಗಳ ಬಳಿ ನೀರಿಗೆಂದು ಕಲ್ಲಿನ ಬಾನಿಗಳು ಬಂದವು. ಮಾಂಸದಂಗಡಿಯವರನ್ನು ಬೈದರೆ ಕೇಳರೆಂದು ತಿಳಿದು, ಹುಡುಗರೇ ಸರದಿಯಂತೆ ಗುಂಡಿ ತೋಡಿ ಅವರ ಕಸವನ್ನು ಹೂಳತೊಡಗಿದರು. ಹದಿನೈದು ದಿನದಲ್ಲಿ ಅಂಗಡಿಯವರಿಗೇ ನಾಚಿಕೆಯಾಗಿ ಸಲಿಕೆ ಹಿಡಿದರು.

ನಾಯಿಗಳಿಗೆಲ್ಲ ಸೂಜಿ ಹಾಕಿಸಬೇಕೆಂದು ಹುಡುಗರು ಕೇಳಿದಾಗ ತಾಲ್ಲೂಕಿನ ಪಶುವೈದ್ಯರಾದ ಕಟ್ಟಿಯವರು ಮೊದಲು ನಂಬಲಿಲ್ಲ. "ಹಿಡಿಯೋರು ಯಾರಪ್ಪಾ? ನನಗ ಎರಡs ಕೈ" ಎಂದರು. "ಹಿಡಿಯೂದು ನಮ್ಮ ವಿದ್ಯಾರಿ ಸರ್" ಎಂದನು ಹಾಲೇಶ. ಹುಚ್ಚು ಬಾರದಂತೆ ಚುಚ್ಚುಮದ್ದು ಹಾಕಿಸಿಕೊಂಡ ನಾಯಿಯ ನೆತ್ತಿಗೆ ಅಜ್ಜನವರು ತಾವೇ ಬಂದು ಭಂಡಾರವನ್ನು ಹಚ್ಚುತ್ತಿದ್ದರು. ಭಂಡಾರವಿದ್ದ ನಾಯಿಯ ಮೇಲೆ ಆ ಪೇಟೆಯಲ್ಲಿ ಯಾರೂ ಕಲ್ಲೆತ್ತಲಿಲ್ಲ.

ಮೂವತ್ತೆಂಟು ನಾಯಿಗಳಾದವು. ಉಳಿದವುಗಳಲ್ಲಿ ಒಂದು, ಮಾಂಸದಂಗಡಿಗಳ ಹಿಂದಿನ ಮೋರಿಯಲ್ಲಿದ್ದ ಕಂದು ಬಣ್ಣದ ಹೆಣ್ಣುನಾಯಿ. ಅದರ ಬೆನ್ನ ಹಿಂದೆ ನಾಲ್ಕು ಮರಿಗಳು. ಅಲ್ಲಿಯೇ ಆಡುತ್ತಿದ್ದ ಮಕ್ಕಳನ್ನು ಕೇಳಲಾಗಿ, ನೀಲವ್ವನ ಚೆಂಡು ಆ ದಿನ ಮೋರಿಯೊಳಗೆ ಉರುಳಿತೆಂದೂ, ಅದನ್ನು ತೆಗೆಯಲು ಅವಳು ಒಳಗೆ ಕಾಲಿಟ್ಟಳೆಂದೂ, ಆಗ ಮರಿಗಳು ಇನ್ನೂ ಕಣ್ಣು ತೆರೆದಿರಲಿಲ್ಲವೆಂದೂ ತಿಳಿಯಿತು. "ಎರಡು ತಿಂಗಳಾದ್ರೂ ಬದುಕೇದ ಅಂದ್ರ ಇದಕ್ಕ ಹುಚ್ಚಿರಲಿಲ್ಲ" ಎಂದರು ಕಟ್ಟಿಯವರು. "ನಾಳೆ ಹುಚ್ಚು ಹಿಡೀಬಾರದು ಅಂದ್ರ ಈಗ ಸೂಜಿ ಬೇಕು."

ಹುಡುಗರ ಕೈಯಲ್ಲಿ ಕೋಲುಗಳಿದ್ದವು. ಅವರು ಹಾಲೇಶನ ಮುಖವನ್ನು ನೋಡಿದರು. ತಿಂಗಳ ಹಿಂದೆ ಅವನು ಬೇಡಿಕೊಂಡಿದ್ದುದು ಇದೇ ಗಳಿಗೆಯನ್ನು. ಅಜ್ಜನವರು ತುಸು ದೂರದಲ್ಲಿ ಕಲ್ಲಿನ ಮೇಲೆ ಕುಳಿತಿದ್ದರು.

ಹಾಲೇಶ ಕೋಲುಗಳನ್ನು ಇಡಿಸಿ ಮೋರಿಯೊಳಗೆ ತೆವಳಿದನು. ಅವನು ಕಲಿತಿದ್ದ ಪಟ್ಟುಗಳೆಲ್ಲವೂ ಕೆಡವುವ ಪಟ್ಟುಗಳು; ಕೆಡವದೆ ಹಿಡಿಯುವುದನ್ನು ಯಾವ ಗುರುವೂ ಕಲಿಸಿರಲಿಲ್ಲ. ಕುತ್ತಿಗೆಯ ಹಿಂದೆ ಕೈ ಹಾಕುತ್ತಲೇ ಅದು ಹೊರಳಿ ಅವನ ಎಡಗೈಯನ್ನು ಕಚ್ಚಿತು. ಹಲ್ಲು ಎಲುಬಿಗೆ ತಾಗಿತು. ಅವನ ಬಲಗೈಯು ಅದರ ಗಂಟಲ ಮೇಲಿದ್ದಿತು. ಒಮ್ಮೆ ಬಿಗಿದಿದ್ದರೆ ಸಾಕಾಗಿತ್ತು. ಅವನು ಬಿಗಿಯಲಿಲ್ಲ, ಬಿಡಲೂ ಇಲ್ಲ. "ಹಾಕ್ರಿ ಸರ್, ಹಿಡಿದೀನಿ" ಎಂದನು. ಸೂಜಿ ಮುಗಿದ ಮೇಲೆ, ತನ್ನ ಕೈಯನ್ನು ಅದು ತಾನಾಗಿಯೇ ಬಿಡುವವರೆಗೂ ಹಾಗೆಯೇ ಇದ್ದನು.

ಹೊರಬಂದವನನ್ನು ಅಜ್ಜನವರು ಕೇಳಿದರು: "ಗೊತ್ತಾತಲ್ಲ. ಏನ್ ಮಾಡೂಣು?"

"ಮಕ್ಕಳಿಗೆ ಹೇಳ್ಬೇಕ್ರಿ ಅಜ್ಜಾ, ಬಾಣಂತಿ ಹತ್ರ ಹೋಗಬ್ಯಾಡ್ರೀ ಅಂತ. ದಿನಾ ಇಕಿಗೆ ಊಟ ಇಲ್ಲೇ ತಂದಿಡ್ಬೇಕು." ಹೇಳಿ ಅವನು ರಕ್ತದ ಕೈಯಿಂದಲೇ ಅಜ್ಜನವರ ಪಾದಗಳನ್ನು ಮುಟ್ಟಿದನು. ಅಜ್ಜನವರು ಭಂಡಾರದ ಚೀಲಕ್ಕೆ ಕೈ ಹಾಕಿ, ಮೊದಲು ನಾಯಿಯ ನೆತ್ತಿಗೂ ಆಮೇಲೆ ಅವನ ಹಣೆಗೂ ಅದನ್ನು ಹಚ್ಚಿದರು.

ಹಾಲೇಶ ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದನು. ನೀಲವ್ವ ಬಾಗಿಲಲ್ಲಿ ಕುಳಿತಿದ್ದಳು. ಬಟ್ಟೆಯನ್ನು ನೋಡಿದಳು, ಅಣ್ಣನ ಮುಖವನ್ನು ನೋಡಿದಳು.

"ಸೂಜಿ ಹಾಕಿಸ್ಕೋಬೇಕಲ್ಲ ಅಣ್ಣಾ?"

"ಹೌದವ್ವಾ. ಡಾಕ್ಟರು ಹೋಗು ಅಂದಾರ."

"ಒಬ್ನs ಹೋಗ್ತೀಯೇನು? ಕೈ ಹಿಡಿಯೋರು ಯಾರು?"

ಹುಡುಗಿ ಎದ್ದು, ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು, ಬೀದಿಯ ಎರಡೂ ಕಡೆ ನೋಡಿ, ಕೆಳಗಿಳಿದಳು. ಅವನ ಬಲಗೈಯನ್ನು ಹಿಡಿದುಕೊಂಡಳು. ಬೀದಿಯ ತಿರುವಿನಲ್ಲಿ ನೆತ್ತಿ ಹಳದಿಯಾದ ನಾಯಿಯೊಂದು ಮಲಗಿದ್ದಿತು. ಅವಳ ಹಿಡಿತ ಬಿಗಿಯಾಯಿತು.

"ಅಕಿ ಶಾಂತವ್ವ," ಎಂದನು ಹಾಲೇಶ. "ಒಂದು ಕಣ್ಣು ಕಾಣಂಗಿಲ್ಲ ಅಕಿಗೆ. ಆ ಕಡೆಯಿಂದ ಹೋದ್ರ ಗಾಬರಿ ಆಗ್ತಾಳ. ಈ ಕಡೆ ಬಾ."

ಇಬ್ಬರೂ ಈ ಕಡೆಯಿಂದ ಹೋದರು. ಆಸ್ಪತ್ರೆಯವರೆಗಿನ ದಾರಿಯುದ್ದಕ್ಕೂ ಅವನು ಒಂದೊಂದರ ಹೆಸರನ್ನು ಹೇಳುತ್ತ ನಡೆದನು. ಅವಳು ಕೇಳುತ್ತ ನಡೆದಳು.