ಸಿಟ್ಟಿಗೆ ಹೆದರುವ ಸ್ಪೀಕರು

ಹರಿಹರದ ಅಕ್ಕಿ ಗಿರಣಿ ಸಾಹುಕಾರರು ಕೊಟ್ರಬಸಪ್ಪನವರು. ಕಾರು ಹತ್ತಿದರೆ ಅವರಿಗೆ ಹಾಡು ಬೇಕೇಬೇಕು. ಸ್ಪೀಕರು ಮಾತ್ರ ಆಗಾಗ ಬಾಯಿ ಮುಚ್ಚಿಕೊಳ್ಳುತ್ತಿತ್ತು.

"ಸಂಜೆಯೊಳಗೆ ಸರಿಯಾಗಬೇಕು. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ!" ಎಂದು ಡ್ರೈವರನಿಗೆ ಗದರಿ, ಕಾರಿನ ಬಾಗಿಲನ್ನು ಧಡಾರನೆ ಬಡಿದು ಹೋದರು.

ಬಾಗಿಲೊಳಗಿನ ವೈರು ಸಡಿಲವಾಗಿತ್ತು. ಬಾಗಿಲು ಬಡಿದಾಗಲೆಲ್ಲ ಅಲುಗಿ ಹಾಡು ನಿಲ್ಲುತ್ತಿತ್ತು. ಡ್ರೈವರನಿಗೆ ಇದು ಗೊತ್ತು. ಆದರೆ ಬಡಿಯುವವರು ನೀವೇ ಎಂದು ಸಾಹುಕಾರರ ಮುಖಕ್ಕೆ ಹೇಳುವುದು ಹೇಗೆ?

ಸಂಜೆ ಸಾಹುಕಾರರು ಹೆಂಡತಿ ಹಾಲಮ್ಮನವರ ಜೊತೆ ಬಂದರು. ಡ್ರೈವರ್ ಹಾಡು ಹಾಕಿದ.

"ಅಮ್ಮಾರೇ, ಒಂಚೂರು ಬಾಗಿಲು ಹಾಕಿ."

ಹಾಲಮ್ಮ ಮೆಲ್ಲಗೆ ಹಾಕಿದರು. ಹಾಡು ನಿಲ್ಲಲಿಲ್ಲ.

"ಈಗ ನೀವು ಹಾಕಿ, ಸಾಹುಕಾರ್ರೇ."

ಧಡಾರ್! ಹಾಡು ನಿಂತಿತು.

ಡ್ರೈವರ್ ಕೈಕಟ್ಟಿ ಹೇಳಿದ: "ಸ್ಪೀಕರಿಗೇನೂ ಆಗಿಲ್ಲ, ಸಾಹುಕಾರ್ರೇ. ನಿಮ್ಮ ಸಿಟ್ಟು ಕಂಡ್ರೆ ಅದಕ್ಕೆ ಮಾತೇ ಹೊರಡಲ್ಲ."

"ಪಾಪ, ಮನೇಲಿ ನಮಗೂ ಹಂಗೇ ಆಗೋದು!" ಎಂದು ಹಾಲಮ್ಮ ನಕ್ಕರು.

ಸಾಹುಕಾರರ ಕಿವಿ ಕೆಂಪಾಯಿತು. ಅಂದಿನಿಂದ ಅವರು ಮಲಗಿದ ಮಗು ಎದ್ದುಬಿಟ್ಟೀತು ಎಂಬಂತೆ ಬಾಗಿಲು ಹಾಕತೊಡಗಿದರು. ಕಾರಿನದೂ, ಮನೆಯದೂ.

ಮರುದಿನ ಡ್ರೈವರ್ ಹೊಸ ವೈರು ತಂದ. ಹಾಲಮ್ಮ ಓಡಿಬಂದು ತಡೆದರು.

"ಬೇಡ ಕಣಪ್ಪ, ಅದು ಹಂಗೇ ಇರಲಿ!"