ತಿರುಗುವಾಗ ಏಳಬಾರದು

ದೊಡ್ಡ ಸಾಹೇಬರು ಬರುವ ಮುಂಚೆ ಊರಿಗೆ ಮರ್ಯಾದೆ ಕಲಿಸಬೇಕೆಂದು ಹೊಸ ಅಮಲ್ದಾರರು ಬಂದರು. ಎಲ್ಲರೂ ಎದ್ದು ಕೈಮುಗಿದರು. ಒಂದು ಮನೆಯವರು ಮಾತ್ರ ಏಳಲಿಲ್ಲ. ತಾಯಿ ಮೊಸರು ಕಡೆಯುತ್ತಿದ್ದಳು, ಹೆಂಡತಿ ರಾಟೆಯಲ್ಲಿ ನೂಲುತ್ತಿದ್ದಳು, ಕುಂಬಾರ ಈರಭದ್ರ ತಿರುಗುವ ತಿಗರಿಯ ಮುಂದೆ ಮಡಕೆ ಮಾಡುತ್ತಾ ಕೂತಿದ್ದ.

"ಸೊಕ್ಕೇನೋ? ನಾಳೆಯಿಂದ ಕೆರೆಯ ಮಣ್ಣು ಮುಟ್ಟಿದರೆ ನೋಡು!" ಎಂದು ಅಮಲ್ದಾರರು ಗದರಿದರು.

ಆ ಮಣ್ಣಿಲ್ಲದೆ ಅವನ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ. ಈರಭದ್ರ ನಿಧಾನವಾಗಿ ಹೇಳಿದ: "ಏಳ್ತೀನಿ ಬುದ್ಧಿ. ನಾನು ತಮಗೆ ಅಡ್ಡಬಿದ್ದು ಏಳೋಗಂಟ ತಾವು ಈ ಮಡಕೆ ಹಿಡ್ಕೊಂಡಿರಿ. ಕೈ ಬಿಟ್ರೆ ಕುಸಿದೋಯ್ತದೆ."

"ಇದೇನು ಮಹಾ!" ಎಂದು ಅಮಲ್ದಾರರು ಅಂಗಿಯ ತೋಳು ಮಡಚಿ ತಿಗರಿಯ ಮುಂದೆ ಕೂತರು. ಅವರು ಹಿಡಿದೊಡನೆ ಮಡಕೆ ಕುಸಿಯಿತು. ಈರಭದ್ರ ಹೊಸ ಮುದ್ದೆಯಿಟ್ಟು, ತಿಗರಿ ತಿರುಗಿಸಿ, ಅವರ ಕೈಗಳನ್ನು ಹಿಡಿದು ಮಣ್ಣಿನ ಮೇಲೆ ಕೂರಿಸಿ, ಮೆಲ್ಲಗೆ ಬಿಟ್ಟ.

ಬೆರಳು ಅಲುಗಲಿಲ್ಲ. ಮಣ್ಣು ತಾನಾಗಿ ಮೇಲೇಳುತ್ತಿತ್ತು. ಗರಗರ ತಿರುಗುವ ಚಕ್ರದ ನಟ್ಟನಡುವೆ, ದೇವರ ಮುಂದಿನ ದೀಪದಂತೆ, ಎಲ್ಲವೂ ನಿಶ್ಚಲ. ಅಮಲ್ದಾರರು ಉಸಿರು ಬಿಗಿಹಿಡಿದರು.

ಅಷ್ಟರಲ್ಲಿ ದಫೇದಾರ ಓಡಿಬಂದ. "ಸ್ವಾಮಿ, ದೊಡ್ಡ ಸಾಹೇಬರು ಬಂದ್ರು! ಏಳಿ, ಏಳಿ!"

"ಸುಮ್ನಿರಯ್ಯ! ತಿರುಗ್ತಾ ಇದೆ, ಈಗ ಹೇಗೆ ಏಳಲಿ?"

ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಕಡೆಗೋಲು ನಿಲ್ಲಿಸದೆಯೇ ಮುದುಕಿ ನಕ್ಕಳು.

"ಆಗ್ಲಿ ಬುದ್ಧಿ, ಮಣ್ಣು ಎಲ್ಲಿಂದ ತರ್ಲಿ?" ಎಂದ ಈರಭದ್ರ.

"ಕೆರೆಯಿಂದಲೇ ತಾರೋ," ಎಂದರು ಅಮಲ್ದಾರರು, ಕಣ್ಣು ಮಡಕೆಯಿಂದ ತೆಗೆಯದೆ.